ಹಲ್ಲಿನ ಕುರ್ಚಿಯಲ್ಲಿ ಹಿನ್ನೆಲೆ ಸಂಗೀತ

ಮಾವ: ಬಾಯಿ ತೆಗೆಯಲ್ಲ ಅಂದ್ರೆ ತೆಗೆಯಲ್ಲ, ಅಳಿಯಂದ್ರೇ. ಮೊದ್ಲು ಅದನ್ನ ನಿಲ್ಲಿಸಿ.

ನಾನು: ಯಾವುದನ್ನ ಮಾವ? ನಾನಿನ್ನೂ ಏನನ್ನೂ ಶುರುನೇ ಮಾಡಿಲ್ವಲ್ಲ!

ಮಾವ: ಆ ಪಿಟೀಲು.

ನಾನು: ಅದು ಪಿಟೀಲಲ್ಲ ಮಾವ, ಚೆಲೋ. ಪಿಟೀಲಿನ ದೊಡ್ಡಪ್ಪ ಅನ್ನಿ. ಎಷ್ಟು ಸಮಾಧಾನವಾಗಿ ಮಾತಾಡ್ತಿದೆ ಕೇಳಿ.

ಮಾವ: ದೊಡ್ಡಪ್ಪನೋ ಚಿಕ್ಕಪ್ಪನೋ, ಅವನು ಮಾತು ನಿಲ್ಲಿಸಿದ ಮೇಲೆ ನಾನು ಬಾಯಿ ತೆಗೀತೀನಿ.

ನಾನು ಹಲ್ಲಿನ ಡಾಕ್ಟರು. ಕುರ್ಚಿಯಲ್ಲಿ ತುಟಿ ಬಿಗಿದುಕೊಂಡು ಮಲಗಿದ್ದವರು ನನ್ನ ಹೆಂಡತಿಯ ತಂದೆ. ಬಲಗಡೆಯ ದವಡೆ ಹಲ್ಲು ಹುಳುಕಾಗಿ, ಕೆಲವು ದಿನಗಳಿಂದ ಏನನ್ನೂ ಅಗಿಯಲಾಗದೆ ಕೆನ್ನೆಗೆ ಕೈ ಕೊಟ್ಟು ಕೂತಿದ್ದರು. ಹಲ್ಲಿನ ಡಾಕ್ಟರ ಹತ್ತಿರ ಹೋಗುವುದೆಂದರೆ ಅವರಿಗೆ ಜೀವಭಯ. ಮಗಳನ್ನು ಒಬ್ಬ ಹಲ್ಲಿನ ಡಾಕ್ಟರಿಗೇ ಕೊಟ್ಟದ್ದು ಹೇಗೆಂದು ಇವತ್ತಿಗೂ ನನಗೆ ತಿಳಿದಿಲ್ಲ. ಹೆಂಡತಿ ಅವರನ್ನು ಕೈ ಹಿಡಿದು ಕರೆತಂದು, "ಇವತ್ತು ಅಪ್ಪನ ಹಲ್ಲು ಸರಿಹೋಗದೆ ಮನೆಗೆ ಬಂದ್ರೆ, ಅಪ್ಪನನ್ನ ಮಾತ್ರ ಒಳಗೆ ಬಿಟ್ಕೊಳ್ತೀನಿ" ಎಂದು ನನಗೆ ಹೇಳಿ, ಹೊರಗೆ ರೋಗಿಗಳ ಬೆಂಚಿನ ಮೇಲೆ ಕೂತಿದ್ದಳು.

ಇನ್ನು ಆ ಚೆಲೋ ವಿಷಯ. ನನಗೆ ಸಿನಿಮಾಗಳ ಹಿನ್ನೆಲೆ ಸಂಗೀತದ ಹುಚ್ಚು. ಹಾಡುಗಳದ್ದಲ್ಲ. ದೊಡ್ಡ ವಾದ್ಯವೃಂದ ಕೂತು, ಮಾತಿಲ್ಲದೆ ನುಡಿಸುತ್ತದಲ್ಲ, ಅದರದ್ದು. ಮನೆಯಲ್ಲಿ ಅದನ್ನು ಹಾಕಿದರೆ ಹೆಂಡತಿ ಮಿಕ್ಸಿ ಹಾಕುತ್ತಾಳೆ. ಗೆಳೆಯರು ವಿಷಯ ಎತ್ತಿದರೆ ಸಾಕು, ಕೆಲಸ ನೆನಪಾಗಿ ಎದ್ದು ಹೋಗುತ್ತಾರೆ. ಎದ್ದು ಹೋಗಲಾಗದ ಶ್ರೋತೃಗಳು ಸಿಗುವುದು ಈ ಕುರ್ಚಿಯಲ್ಲಿ ಮಾತ್ರ. ಅವರಲ್ಲಿ ಒಬ್ಬರಾದರೂ, ಒಂದೇ ಒಂದು ಸಲ, "ಇದನ್ನ ಇನ್ನೊಮ್ಮೆ ಹಾಕಿ ಡಾಕ್ಟ್ರೇ" ಅನ್ನಲಿ ಎಂದು ನಾನು ಕಾಯುತ್ತಾ ಬಂದಿದ್ದೇನೆ. ಈವರೆಗೆ ಯಾರೂ ಅಂದಿಲ್ಲ.

ನಾನು: ಮಾವ, ಇದು ತಾಯಿ ಮಗುವನ್ನ ಮಲಗಿಸೋ ಸಂಗೀತ. ಕಣ್ಣು ಮುಚ್ಚಿದ್ರೆ ತೊಟ್ಟಿಲು ತೂಗೋದು ಕಾಣುತ್ತೆ.

ಮಾವ: ತೊಟ್ಟಿಲಾ! ಅಳಿಯಂದ್ರೇ, ಈ ಸಿನಿಮಾ ನೋಡಿದೀರಾ ನೀವು?

ನಾನು: ಅದು... ಸಂಗೀತ ಕೇಳಿದೀನಿ.

ಮಾವ: ನಾನು ನೋಡಿದೀನಿ. ಇದರಲ್ಲಿ ಕೊಲೆಗಾರನೇ ಡಾಕ್ಟ್ರು. ಈ ಪಿಟೀಲು ಬಂದಾಗ ಅವನು ಬಾಗಿಲು ಹಾಕಿ, ನಿಧಾನಕ್ಕೆ ಕೈಗವಸು ಹಾಕ್ಕೊಳ್ತಾನೆ.

ನಾನು ಆಗಷ್ಟೇ ಎಡಗೈಗೆ ಗವಸು ಹಾಕಿ, ಬಲಗೈಯದನ್ನು ಎಳೆಯುತ್ತಿದ್ದೆ. ಸಿಸ್ಟರ್ ಹೋಗಿ ಬಾಗಿಲನ್ನು ಸ್ವಲ್ಪ ತೆರೆದಿಟ್ಟರು. ಈ ಸಿಸ್ಟರ್ ನನ್ನ ಕ್ಲಿನಿಕ್ಕಿನ ಹಿರಿಯ ನರ್ಸು. ನನ್ನನ್ನು ಸಹಿಸಿಕೊಳ್ಳುವುದನ್ನೂ ಕೆಲಸದ ಒಂದು ಭಾಗ ಎಂದುಕೊಂಡವರು.

ನಾನು: ಸರಿ ಮಾವ, ಬದಲಾಯಿಸ್ತೀನಿ. ಇಗೋ, ಇದು ಸೂರ್ಯೋದಯ. ಮೊದ್ಲು ಕೊಳಲು, ಆಮೇಲೆ ಕಹಳೆಗಳು. ಬೆಳಕು ಹರಿಯೋದು ಕಿವಿಗೇ ಕಾಣುತ್ತೆ.

ಮಾವ: ಹಡಗಿನ ಸಿನಿಮಾದ್ದಲ್ವಾ?

ನಾನು: ಹೌದು! ನಿಮಗೆ ಗೊತ್ತಾ?

ಮಾವ: ಸೂರ್ಯ ಹುಟ್ಟೋದು ನಿಜ. ನೋಡೋಕೆ ಹಡಗಲ್ಲಿ ಒಬ್ಬರೂ ಉಳಿದಿರಲ್ಲ.

ನಾನು: ಒಬ್ಬರೂ?

ಮಾವ: ಒಂದು ಬೆಕ್ಕು ಇತ್ತು. ಅದಕ್ಕೂ ಆಮೇಲೆ ಏನೋ ಆಯ್ತು.

ಸಿಸ್ಟರ್: ಹಲಗೆ ಮೇಲೆ ತೇಲ್ಕೊಂಡು ಹೋಯ್ತು ಯಜಮಾನ್ರೇ. ನಾನೂ ನೋಡಿದೀನಿ. ಅತ್ತೇಬಿಟ್ಟೆ.

ನಾನು: ಸಿಸ್ಟರ್, ನೀವೂನಾ? ಇಷ್ಟು ದಿನ ಯಾಕೆ ಹೇಳ್ಲಿಲ್ಲ?

ಸಿಸ್ಟರ್: ನೀವು ಕೇಳ್ಲಿಲ್ಲ ಡಾಕ್ಟ್ರೇ. ಕೇಳಿಸ್ತಾ ಇದ್ರಿ.

ನಾನು ಬೇಗಬೇಗ ಮೂರನೆಯದಕ್ಕೆ ಹಾರಿದೆ. ಇದರಲ್ಲಿ ಅನುಮಾನಕ್ಕೆ ಎಡೆಯೇ ಇರಲಿಲ್ಲ. ಕುಣಿಯುವ ಲಯ, ನಗುನಗುತ್ತಾ ಬರುವ ಪಿಟೀಲುಗಳು. ಮಕ್ಕಳು ಹಲ್ಲು ತೋರಿಸಲು ಬಂದಾಗ ಇದನ್ನೇ ಹಾಕುತ್ತಿದ್ದೆ.

ನಾನು: ಮದುವೆಮನೆ ಮಾವ! ಎಲ್ರೂ ಸಾಲಾಗಿ ಕುಣೀತಿದಾರೆ.

ಮಾವ: ಸಾಲು ನಿಜ.

ನಾನು: ನೋಡಿದ್ರಾ!

ಮಾವ: ನೇಣುಗಂಬದ ಮುಂದೆ.

ಸಿಸ್ಟರ್ ನೆಲ ನೋಡತೊಡಗಿದರು.

ನಾನು: ಸಿಸ್ಟರ್, ಇದು ಸುಳ್ಳು ತಾನೇ?

ಸಿಸ್ಟರ್: ಹೋದ ತಿಂಗಳು ಆ ಬ್ಯಾಂಕಿನವರು ಬಾಯಲ್ಲಿ ಹತ್ತಿ ಇಟ್ಕೊಂಡೇ ಎದ್ದು ಓಡಿದ್ರಲ್ಲ, ಆಗ ಇದೇ ಬರ್ತಿತ್ತು. ಅವರಿಗೆ ಭಾವ ಉಕ್ಕಿ ಬಂತು ಅಂದ್ರಿ ನೀವು.

ಹೌದು, ಅಂದಿದ್ದೆ. ಮನೆಗೆ ಹೋಗಿ ಹೆಂಡತಿಗೂ ಅದನ್ನೇ ಹೇಳಿದ್ದೆ. ನನ್ನ ಮುಖ ಹುಳ್ಳಗಾಯಿತು.

ಮಾವ: ಅಲ್ಲ ಅಳಿಯಂದ್ರೇ, ಇಷ್ಟೊಂದು ಸಿನಿಮಾ ಸಂಗೀತ ಇಟ್ಕೊಂಡು ಒಂದಾದ್ರೂ ಸಿನಿಮಾ ನೋಡ್ಬಾರ್ದಾ?

ನಾನು: ನೋಡಬಾರ್ದು ಮಾವ. ಸಂಗೀತವನ್ನ ಶುದ್ಧವಾಗಿ ಸವಿಯೋವನಿಗೆ ಚಿತ್ರ ಅಡ್ಡ ಬರುತ್ತೆ. ಕಥೆ ಅನ್ನೋದು ಒಂದು ಥರ ಹೊರಗಿನ ಕೊಳೆ...

ಮಾವ: ನಿಮಗೆ ಸಿನಿಮಾ ಹಾಲಲ್ಲಿ ನಿದ್ದೆ ಬರುತ್ತೆ ಅಂತ ನನ್ನ ಮಗಳು ಹೇಳಿದಾಳೆ.

ಅದೂ ನಿಜ. ದೀಪ ಆರಿದರೆ ಸಾಕು, ನನ್ನ ಗೊರಕೆ ಶುರುವಾಗುತ್ತದೆ. ಹೆಂಡತಿಗೆ ಗೊತ್ತಿರುವ ಸಂಗತಿ ಮಾವನ ಕಿವಿಗೆ ಬೀಳದೆ ಇರುತ್ತದೆಂದು ನಂಬಿದ್ದು ನನ್ನ ಇನ್ನೊಂದು ದಡ್ಡತನ.

ಹೊರಗಿನಿಂದ ಹೆಂಡತಿಯ ದನಿ ಬಂತು: "ಆಯ್ತಾ?"

ನಾನು: ಶುರುವಾಗ್ತಿದೆ!

ಸಿಸ್ಟರ್: ಎಲ್ಲಾ ಆಫ್ ಮಾಡ್ಬಿಡ್ಲಾ ಡಾಕ್ಟ್ರೇ? ಯಜಮಾನ್ರೂ ನೆಮ್ಮದಿಯಾಗಿರ್ತಾರೆ, ನಾನೂ...

ಮಾವ: ಬೇಡ ಬೇಡ! ಸುಮ್ಮನಿದ್ರೆ ಇನ್ನೂ ಭಯ. ನಿಮ್ಮ ತಟ್ಟೆಯಲ್ಲಿ ಆ ಕೊಕ್ಕೆಗಳು ಟಣ್ ಟಣ್ ಅನ್ನೋದೆಲ್ಲ ಕೇಳುತ್ತೆ. ಸಂಗೀತ ಇರ್ಲಿ. ಆದ್ರೆ ಸಿನಿಮಾದ್ದು ಬೇಡ. ಮುಂದೆ ಏನಾಗುತ್ತೆ ಅಂತ ನನಗೆ ಗೊತ್ತಿರ್ಬಾರ್ದು.

ನನ್ನ ಕಿವಿ ನೆಟ್ಟಗಾಯಿತು. ಸಿನಿಮಾಕ್ಕಿಂತಲೂ ಎತ್ತರದ ಇನ್ನೊಂದು ಗೀಳು ನನಗಿದೆ: ಈ ಕಾಲದ ಸಂಗೀತಗಾರರು ದೊಡ್ಡ ಸಭಾಂಗಣಗಳಿಗೆಂದೇ ರಚಿಸುವ ಗಂಭೀರ ಸಂಗೀತ. ಅದರಲ್ಲಿ ಕಥೆ ಇಲ್ಲ, ಹಾಡಿಲ್ಲ, ಕೆಲವೊಮ್ಮೆ ಸ್ವರವೂ ಇಲ್ಲ. ಅದನ್ನು ಇನ್ನೊಬ್ಬರಿಗೆ ಕೇಳಿಸುವ ಧೈರ್ಯ ನನಗೆ ಬಂದದ್ದೇ ಇಲ್ಲ. ಈಗ ಮಾವ ತಾವಾಗಿಯೇ ಬಾಗಿಲು ತೆರೆದಿದ್ದರು. ಆ ಮಾತಿನ ಬಿಸಿ ಆರುವ ಮುನ್ನ ಮರಗಟ್ಟಿಸುವ ಸೂಜಿಯನ್ನೂ ಕೊಟ್ಟೆ. ಮಾವ ಕುರ್ಚಿಯ ಕೈಯನ್ನು ಹಿಂಡಿದರು. ದವಡೆ ಮರಗಟ್ಟಿದ ಮೇಲೆ ಸಂಗೀತ ಹಾಕಿದೆ.

ಕ್ರೀಂ... ಕರ್ರ್... ಈಂಈಂಈಂ...

ಮಾವ: ಅಯ್ಯಯ್ಯೋ! ಮಷಿನ್ ನಿಲ್ಲಿಸಿ! ಹೇಳದೆ ಕೇಳದೆ ಮಷಿನ್ ಹಾಕ್ಬಿಟ್ರಾ?

ನಾನು: ಹಲ್ಲು ಕೊರೆಯೋ ಮಷಿನ್ ಇಲ್ಲೇ ನೇತಾಡ್ತಿದೆ ನೋಡಿ ಮಾವ. ಇದು ಸಂಗೀತ.

ಮಾವ: ಇದಾ?

ನಾನು: ಕಂಚಿನ ತಗಡಿನ ಅಂಚಿಗೆ ಪಿಟೀಲಿನ ಕಮಾನು ಉಜ್ಜಿ ನುಡಿಸೋದು. ಮಹಾ ಕೃತಿ.

ಮಾವ: ಯಾಕೆ ಉಜ್ತಾರೆ? ಕೈಲಿ ಪಿಟೀಲು ಇರ್ಲಿಲ್ವಾ?

ನಾನು: ಇದರಲ್ಲಿ ರಾಗ ಹುಡುಕಬಾರ್ದು ಮಾವ. ಸದ್ದನ್ನ ಸದ್ದಾಗಿ ಕೇಳಬೇಕು. ಕಿವಿಯಿಂದ ಅಲ್ಲ, ಮೈಯಿಂದ. ಕಣ್ಣು ಮುಚ್ಚಿ. ಅದು ನಿಮ್ಮೊಳಗೆ ಬರ್ಲಿ. ನನಗೋಸ್ಕರ ಒಂದು ಸಲ.

ಕೊನೆಯ ಮಾತು ಅಂದುಕೊಂಡದ್ದಕ್ಕಿಂತ ಮೆತ್ತಗೆ, ಸ್ವಲ್ಪ ಬೇಡಿಕೊಂಡಂತೆಯೇ ಬಂತು. ಮಾವ ನನ್ನನ್ನು ಒಂದು ಗಳಿಗೆ ನೋಡಿದರು. ಭಯಸ್ಥರೇ ಹೊರತು ಕೆಟ್ಟವರಲ್ಲ.

ಮಾವ: ಆಯ್ತು. ಮಗಳನ್ನೇ ಕೊಟ್ಟಿದೀನಿ, ಕಿವಿ ಕೊಡೋಕೇನು! ನೋವಾದ್ರೆ ಎಡಗೈ ಎತ್ತುತ್ತೀನಿ, ನಿಲ್ಲಿಸ್ಬೇಕು.

ಕಣ್ಣು ಮುಚ್ಚಿ ಬಾಯಿ ತೆರೆದರು. ಸಂಗೀತ ಕಿರುಗುಡುತ್ತಾ ಏರಿ, ತಟ್ಟನೆ ನಿಂತಿತು. ನನ್ನ ಮೈ ಜುಮ್ಮೆಂದಿತು.

ನಾನು: ಈ ಮೌನ ಕೇಳಿ ಮಾವ! ನಡುಮಧ್ಯದಲ್ಲಿ ಎಲ್ಲವನ್ನೂ ಬಿಟ್ಟುಕೊಡೋ ಈ ಧೈರ್ಯ ಯಾರಿಗಿದೆ ಹೇಳಿ! ಇದೇ ಪ್ರತಿಭೆ!

ಸಿಸ್ಟರ್ (ನನ್ನ ಕಿವಿಯಲ್ಲಿ): ನಾನೇ ನಿಲ್ಲಿಸ್ದೆ ಡಾಕ್ಟ್ರೇ. ತಲೆ ಸಿಡೀತಿತ್ತು.

ನಾನು ನಾಲಿಗೆ ಕಚ್ಚಿಕೊಂಡು, "ಈಗ ಶುರು ಮಾಡ್ತೀನಿ ಮಾವ" ಎಂದೆ. ಮಷಿನ್ ಕೈಗೆತ್ತಿಕೊಂಡು ಕಾಲಿನಿಂದ ಅದರ ಪೆಡಲ್ ಒತ್ತಿದೆ. ಅದು ಈಂ ಎಂದು ಹಲ್ಲಿಗೆ ಇಳಿಯಿತು. ಮಾವನ ಎಡಗೈ ಮೇಲೆದ್ದಿತು. ತಕ್ಷಣ ನಿಲ್ಲಿಸಿದೆ.

ನಾನು: ನೋವಾಯ್ತಾ ಮಾವ?

ಮಾವ: ಆಆ ಆ ಆಆ?

ಸಿಸ್ಟರ್‌ಗೆ ತೆರೆದ ಬಾಯಿಯ ಭಾಷೆ ಬರುತ್ತದೆ.

ಸಿಸ್ಟರ್: ಯಾಕೆ ನಿಲ್ಲಿಸಿದ್ರಿ ಅಂತಿದಾರೆ.

ನಾನು: ನೀವು ಕೈ ಎತ್ತಿದ್ರಲ್ಲ ಮಾವ.

ಮಾವ: ಆ ಆಆಆ!

ಸಿಸ್ಟರ್: ತಾಳ ಹಾಕ್ತಿದ್ರಂತೆ.

ಮತ್ತೆ ಒತ್ತಿದೆ. ಮಾವನ ಕೈ ಮೇಲೆ ಕೆಳಗೆ, ಮೇಲೆ ಕೆಳಗೆ ಆಡತೊಡಗಿತು. ಹುಬ್ಬು ಸಡಿಲವಾಯಿತು. ಕಾಲಿನ ಹೆಬ್ಬೆರಳೂ ಅಲ್ಲಾಡುತ್ತಿತ್ತು. ಸಿಸ್ಟರ್ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಆಗ ನಾನು ನಿಲ್ಲಿಸಿ ನಿಜ ಹೇಳಬೇಕಿತ್ತು. ಬದಲಿಗೆ ಕಾಲನ್ನು ಮೆಲ್ಲಗೆ ಸಡಿಲಿಸಿ ಸದ್ದು ತಗ್ಗಿಸಿ, ಮತ್ತೆ ಒತ್ತಿ ಏರಿಸಿದೆ. ಅಂಚಿನಲ್ಲಿ ತೆಳ್ಳಗೆ, ಒಳಗೆ ದಪ್ಪಗೆ. ಹಲ್ಲಿಗೆ ಬೇಕಾದದ್ದಕ್ಕಿಂತ ಒಂದು ಚೂರೂ ಹೆಚ್ಚು ಕೊರೆಯಲಿಲ್ಲ, ಅಷ್ಟು ಮಾನ ಉಳಿದಿತ್ತು. ಆದರೆ ಮುಗಿಸುವಾಗ ಸುಮ್ಮನೆ ಮುಗಿಸಲಾಗಲಿಲ್ಲ, ಒಂದು ಮುಕ್ತಾಯ ಕೊಟ್ಟೇ ಎತ್ತಿದೆ. ಆಮೇಲೆ ಹಲ್ಲು ತುಂಬಿ, ನಯ ಮಾಡಿ, ಬಾಯಿ ಮುಕ್ಕಳಿಸಲು ನೀರು ಕೊಟ್ಟೆ.

ಮಾವ ಎದ್ದು ಕೂತರು. ಕಣ್ಣಂಚು ಒದ್ದೆಯಾಗಿತ್ತು.

ಮಾವ: ಅಳಿಯಂದ್ರೇ, ಕ್ಷಮಿಸಿ. ನಿಮ್ಮನ್ನ ತುಂಬಾ ಆಡ್ಕೊಂಡೆ. ಆ ಮೊದಲನೇ ಭಾಗ ಇದೆಯಲ್ಲ, ತಗಡು ಉಜ್ಜೋದು, ಅದು ದಂಡ. ಆದ್ರೆ ಆ ಮೌನ ಆದ್ಮೇಲೆ ಎರಡನೇ ಭಾಗ ಬಂತಲ್ಲ...

ನಾನು: ಎರಡನೇ ಭಾಗ?

ಮಾವ: ಅದು ಸಂಗೀತ! ನೀವು ಹೇಳಿದ ಹಾಗೇ ಆಯ್ತು. ಕಿವಿಗೆ ಬರ್ಲೇ ಇಲ್ಲ, ಸೀದಾ ಮೂಳೆಗೆ ಇಳೀತು. ದವಡೆಯೆಲ್ಲ ಹಾಡಿದ ಹಾಗಿತ್ತು. ನೀವು ಹಲ್ಲು ಯಾವಾಗ ಮಾಡಿದ್ರೋ, ಅದೂ ಗೊತ್ತಾಗ್ಲಿಲ್ಲ ನೋಡಿ! ಇದನ್ನ ಇನ್ನೊಮ್ಮೆ ಹಾಕಿ.

ಇಷ್ಟು ವರ್ಷ ಕಾದ ಮಾತು ಕೊನೆಗೂ ಬಂದಿತ್ತು, ಬಂದದ್ದು ಮಷಿನ್ನಿಗೆ.

ಮಾವ: ಯಾರು ಮಾಡಿದ್ದು ಆ ಎರಡನೇ ಭಾಗ? ಹೆಸರು ಹೇಳಿ, ನೆನಪಿಟ್ಕೋತೀನಿ.

ಸಿಸ್ಟರ್ ಕೆಮ್ಮಿದರು. ನನ್ನನ್ನು ಮೆಚ್ಚಿದ ಮೊದಲ ಶ್ರೋತೃ ಎದುರಿಗೆ ಕೂತು, ಊದಿದ ತುಟಿಯಲ್ಲಿ ನಗುತ್ತಿದ್ದರು. ನಿಜ ಹೇಳಿದರೆ ಅವರು ಇನ್ನೆಂದೂ ಈ ಬಾಗಿಲೊಳಗೆ ಕಾಲಿಡುವುದಿಲ್ಲ. ಹಾಗೆಂದು ನನಗೆ ನಾನೇ ಹೇಳಿಕೊಂಡೆ. ಅಸಲಿಗೆ ಹೊಗಳಿಕೆ ಬಿಟ್ಟುಕೊಡಲು ಮನಸ್ಸಾಗಲಿಲ್ಲ.

ನಾನು: ನಾನೇ ಮಾವ.

ಮಾವ: ನೀವಾ! ಅಯ್ಯೋ, ಮನೆಯಲ್ಲೇ ಇಂಥಾ ಕಲಾವಿದರನ್ನ ಇಟ್ಕೊಂಡು ನಾವು ಮಿಕ್ಸಿ ಹಾಕ್ತಿದ್ವಲ್ಲ! ಮಗಳೇ, ಬಾ ಇಲ್ಲಿ!

ಹೆಂಡತಿ ಒಳಗೆ ಬಂದಳು. ಮೊದಲು ಅಪ್ಪನ ಕೆನ್ನೆ ನೋಡಿದಳು.

ಹೆಂಡತಿ: ಆಯ್ತಾಪ್ಪ? ನೋವಾಯ್ತಾ? ಅಷ್ಟು ಹೊತ್ತಿಂದ ಆ ಹಾಳು ಮಷಿನ್ ಸದ್ದು ಕೇಳ್ತಾನೇ ಇತ್ತು...

ಮಾವ: ಯಾವ ಮಷಿನ್ನೇ? ಅದು ನಿನ್ನ ಗಂಡನ ಸಂಗೀತ! ಒಂದು ದಿನವಾದ್ರೂ ಕೂತು ಕೇಳಿದೀಯಾ? ಬಾ, ಮಲಗು ಈ ಕುರ್ಚಿ ಮೇಲೆ. ಅಳಿಯಂದ್ರೇ, ಇವಳಿಗೂ ಒಂದು ಸಲ ನುಡಿಸಿ.

ಹೆಂಡತಿ ಅಪ್ಪನನ್ನು ನೋಡಿದಳು. ಗೋಡೆ ಕಡೆ ತಿರುಗಿ ಭುಜ ಕುಲುಕುತ್ತಿದ್ದ ಸಿಸ್ಟರನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಅವಳಿಗೆ ಯಾವುದನ್ನೂ ಬಿಡಿಸಿ ಹೇಳಬೇಕಾಗಿಲ್ಲ.

ಹೆಂಡತಿ: ಬೇಡಪ್ಪ. ನನ್ನ ಹಲ್ಲೆಲ್ಲ ಗಟ್ಟಿಯಾಗೇ ಇವೆ.

ಮಾವ: ಅಯ್ಯೋ ಪೆದ್ದೀ, ಸಂಗೀತ ಕೇಳೋಕೂ ಹಲ್ಲಿಗೂ ಏನೇ ಸಂಬಂಧ?