ನಾಗರಾಜನನ್ನು ನಾನು ಲೆಕ್ಕದಲ್ಲಿ ಸೋಲಿಸಿದ್ದು

ನಾನು ಸಾಗರದ ಹೈಸ್ಕೂಲೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ಗಣಿತ ಕಲಿಸುತ್ತಿದ್ದೇನೆ. ಆದ್ದರಿಂದ ಲೆಕ್ಕದ ವಿಷಯದಲ್ಲಿ ನನಗೆ ಯಾರ ಸಹಾಯವೂ ಬೇಕಿಲ್ಲ ಎಂದು ನಂಬಿದ್ದೆ. ಮುಂದೆ ನಡೆದದ್ದಕ್ಕೆಲ್ಲ ಈ ನಂಬಿಕೆಯೇ ಮೂಲ.

ನಮ್ಮದು ನಲವತ್ತು ದಾಟಿದವರ ಬ್ಯಾಸ್ಕೆಟ್‌ಬಾಲ್ ತಂಡ. ಭಾನುವಾರ ಬೆಳಿಗ್ಗೆ ಮಂಡಿಗೆ ಪಟ್ಟಿ ಕಟ್ಟಿಕೊಂಡು ಕಾಲೇಜು ಮೈದಾನದಲ್ಲಿ ಆಡುತ್ತೇವೆ. ತಂಡದ ಸ್ಟಾರ್ ನಾಗರಾಜ. ಬಸ್‌ಸ್ಟ್ಯಾಂಡಿನ ಹತ್ತಿರ ಪಂಪ್‌ಸೆಟ್ ಮೋಟಾರು ರಿಪೇರಿ ಅಂಗಡಿ ಇಟ್ಟವನು, ಕಾಲೇಜಿನಲ್ಲಿ ನನ್ನ ಸಹಪಾಠಿ. ಗೆದ್ದ ದಿನ ಜನ ಅವನ ಬೆನ್ನು ತಟ್ಟುತ್ತಾರೆ. ನನ್ನನ್ನು ಕಂಡರೆ, ಮೇಷ್ಟ್ರೂ ಆಡುತ್ತೀರಾ ಎಂದು ಕೇಳುತ್ತಾರೆ. ವರ್ಷಗಟ್ಟಲೆ ಇದನ್ನು ಕೇಳಿಸಿಕೊಂಡವನ ಹೊಟ್ಟೆಯಲ್ಲಿ ಏನಿರುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಹೀಗಿರುವಾಗ ಮೊಬೈಲಿನಲ್ಲಿ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಪಂಡಿತರೊಬ್ಬರ ಲೇಖನ ಸಿಕ್ಕಿತು. ಸ್ಟಾರ್ ಎಷ್ಟು ಅಂಕ ಹೊಡೆದ ಎಂದಷ್ಟೇ ನೋಡುವುದು ದಡ್ಡತನ, ಅವನ ಸುತ್ತ ಆಡುವವರು ಎಂಥವರು ಎಂಬುದನ್ನೂ ಅಳೆಯಬೇಕು ಎಂದು ಅದರಲ್ಲಿತ್ತು. ವಿಧಾನ ಸುಲಭ. ಒಬ್ಬ ಆಟಗಾರ ಒಳಗಿದ್ದಾಗ ತಂಡ ಎಷ್ಟು ಅಂಕ ಮುಂದಿತ್ತು, ಹೊರಗೆ ಕೂತಾಗ ಎಷ್ಟು ಮುಂದಿತ್ತು ಎಂದು ನೋಡಿ, ಮೊದಲನೆಯದರಲ್ಲಿ ಎರಡನೆಯದನ್ನು ಕಳೆಯಬೇಕು. ಉಳಿದದ್ದೇ ಅವನ ನಿಜವಾದ ಬೆಲೆ.

ನನಗೆ ಜ್ಞಾನೋದಯವಾಯಿತು. ನಾಗರಾಜನನ್ನು ಇಷ್ಟು ವರ್ಷ ಹೊತ್ತವರು ನಾವು, ಅದರಲ್ಲೂ ನಾನು! ಇನ್ನು ಸಾಕ್ಷಿಯೊಂದು ಬೇಕಿತ್ತು, ಅಷ್ಟೆ.

ಸಾಕ್ಷಿ ಮನೆಯಲ್ಲೇ ಇತ್ತು. ನನ್ನ ಹೆಂಡತಿ ಸುಜಾತ ನಮ್ಮ ಪಂದ್ಯಗಳ ಸ್ಕೋರು ಬರೆಯುತ್ತಾಳೆ. ಯಾರು ಯಾವಾಗ ಒಳಗೆ ಹೋದರು, ಯಾವಾಗ ಹೊರಗೆ ಬಂದರು ಎಂಬುದನ್ನೂ ಬಿಡುವುದಿಲ್ಲ. ಅವಳ ಪುಸ್ತಕ ಹಿಡಿದು ಮೂರು ದಿನ ಕಂಪ್ಯೂಟರಿನ ಮುಂದೆ ಕೂತೆ. ಪಟ್ಟಿ ತಯಾರಾಯಿತು. ಎಲ್ಲರಿಗಿಂತ ಮೇಲೆ ನಾನು, ಎಲ್ಲರಿಗಿಂತ ಕೆಳಗೆ ನಾಗರಾಜ.

ಸುಜಾತ ಅದನ್ನು ನೋಡಿ, ಏನೋ ಎಡವಟ್ಟಾದ ಹಾಗಿದೆ, ಕಳಿಸುವ ಮುಂಚೆ ಇನ್ನೊಮ್ಮೆ ನೋಡಿ ಎಂದಳು. ಗಣಿತದ ಮೇಷ್ಟ್ರಿಗೆ ಹೇಳುವ ಮಾತೇ ಅದು? ನಿನಗೆ ಇದೆಲ್ಲ ಅರ್ಥವಾಗುವುದಿಲ್ಲ ಎಂದು ಹೇಳಿ, ಪಟ್ಟಿಯನ್ನು ತಂಡದ ಮೊಬೈಲ್ ಗ್ರೂಪಿಗೆ ಹಾಕಿಬಿಟ್ಟೆ. ಜೊತೆಗೊಂದು ಟಿಪ್ಪಣಿ: ‘ಸದರಿ ಅಂಕಿಅಂಶಗಳ ಅನ್ವಯ, ಸ್ಟಾರ್ ಎನಿಸಿಕೊಂಡವರು ಸಹ-ಆಟಗಾರರ ಹೆಗಲ ಮೇಲೆ ಕೂತಿರುವುದು ರುಜುವಾತಾಗಿರುತ್ತದೆ. ಸಂಬಂಧಪಟ್ಟವರು ಆತ್ಮಾವಲೋಕನ ಮಾಡಿಕೊಳ್ಳತಕ್ಕದ್ದು.’ ಕೊನೆಗೆ ಮೂರು ನಗುವ ಮುಖಗಳನ್ನೂ ಅಂಟಿಸಿದೆ.

ಗ್ರೂಪಿನಲ್ಲಿ ಯಾರೂ ನಗಲಿಲ್ಲ. ಸಂಜೆ ನಾಗರಾಜ ಎರಡೇ ಸಾಲು ಬರೆದ: ‘ತೀರ್ಥಹಳ್ಳಿ ಟೂರ್ನಮೆಂಟಿಗೆ ನಾನು ಬರುವುದಿಲ್ಲ. ಮೇಷ್ಟ್ರು ಆಡಲಿ.’

ಕ್ಯಾಪ್ಟನ್ ಮಂಜಪ್ಪ ನನಗೆ ಫೋನ್ ಮಾಡಿ, ಹೋಗಿ ಅವನನ್ನು ಸಮಾಧಾನ ಮಾಡು ಎಂದು ಬೇಡಿಕೊಂಡ. ಅಂಕಿಅಂಶಗಳು ಭಾವನೆಗಳಿಗೆ ಬಾಗುವುದಿಲ್ಲ ಎಂದು ಉತ್ತರ ಕೊಟ್ಟೆ. ಇಂಥ ವಾಕ್ಯ ನನ್ನ ಬಾಯಿಂದ ಬಂದದ್ದಕ್ಕೆ ನನಗೇ ಹೆಮ್ಮೆಯಾಯಿತು.

ತೀರ್ಥಹಳ್ಳಿಯಲ್ಲಿ ನಮ್ಮ ಮೊದಲ ಪಂದ್ಯ ಹೊಸನಗರದವರ ಮೇಲೆ. ಪ್ರತಿ ಸಲ ನಮ್ಮ ಕೈಲಿ ಸೋಲುವ ತಂಡ. ಮೊದಲ ಸೀಟಿಯಿಂದ ಕೊನೆಯ ಸೀಟಿಯವರೆಗೆ ಆಡಿದೆ. ಚೆಂಡು ಹಿಡಿದರೆ ಯಾರಿಗೆ ಕೊಡಬೇಕೆಂದೇ ತಿಳಿಯಲಿಲ್ಲ. ಇಷ್ಟು ವರ್ಷ ನಾಗರಾಜನಿಗೆ ಕೊಟ್ಟು ನಿಂತುಬಿಡುತ್ತಿದ್ದೆ. ಎರಡು ಸಲ ಎದುರಾಳಿಯ ಕೈಗೆ ಕೊಟ್ಟೆ. ಒಂದು ಸಲ ರೆಫರಿಗೆ ಕೊಟ್ಟೆ. ಅವರು ಹೊಡೆದದ್ದರ ಅರ್ಧವೂ ನಾವು ಹೊಡೆಯಲಿಲ್ಲ. ಮುಗಿದ ಮೇಲೆ ಹೊಸನಗರದವರು ಕೈ ಕುಲುಕಿ, ನಾಗರಾಜಣ್ಣನಿಗೆ ಹುಷಾರಿಲ್ಲವೇ ಎಂದು ಕಾಳಜಿಯಿಂದ ವಿಚಾರಿಸಿದರು. ಮಂಜಪ್ಪ ನನ್ನ ಮುಖ ನೋಡದೆ ಶೂ ಬಿಚ್ಚಿದ.

ವಾಪಸು ಬರುವ ಬಸ್ಸಿನಲ್ಲಿ ಸುಜಾತ ತನ್ನ ಪುಸ್ತಕವನ್ನೂ ನನ್ನ ಪಟ್ಟಿಯನ್ನೂ ಒಟ್ಟಿಗೆ ಇಟ್ಟುಕೊಂಡು ಬಹಳ ಹೊತ್ತು ನೋಡಿದಳು.

“ಒಳಗಿದ್ದಾಗಿನ ಲೆಕ್ಕದಲ್ಲಿ ಹೊರಗಿದ್ದಾಗಿಂದು ಕಳೀಬೇಕಿತ್ತಲ್ರೀ,” ಎಂದಳು. “ನೀವು ಉಲ್ಟಾ ಕಳ್ದಿದೀರಿ.”

ಅಂದರೆ ಪಟ್ಟಿಯನ್ನು ಕೆಳಗಿನಿಂದ ಮೇಲೆ ಓದಬೇಕಿತ್ತು. ನಾನು ಹೊರಗೆ ಕೂತಾಗಲೆಲ್ಲ ತಂಡ ಚೇತರಿಸಿಕೊಳ್ಳುತ್ತಿತ್ತು. ಇದೇ ತಪ್ಪಿಗೆ ಎಂಟನೇ ಕ್ಲಾಸಿನ ಮಕ್ಕಳನ್ನು ನಾನು ಬೆಂಚಿನ ಮೇಲೆ ನಿಲ್ಲಿಸುತ್ತೇನೆ.

ಮರುದಿನ ನಾಗರಾಜನ ಅಂಗಡಿಗೆ ಹೋದೆ. ಅವನು ಸುಟ್ಟ ಮೋಟಾರಿನಿಂದ ತಾಮ್ರದ ತಂತಿ ಕೀಳುತ್ತಿದ್ದ. ಕಣ್ಣಲ್ಲೇ ಸ್ಟೂಲು ತೋರಿಸಿದ. ಲೆಕ್ಕ ತಿರುಗಿಹೋಗಿತ್ತು, ನೀನೇ ಎಲ್ಲರಿಗಿಂತ ಮೇಲೆ, ಗ್ರೂಪಿನಲ್ಲಿ ತಿದ್ದುಪಡಿ ಹಾಕುತ್ತೇನೆ ಎಂದೆಲ್ಲ ಒಂದೇ ಉಸಿರಿಗೆ ಒದರಿದೆ. ಅವನು ಕೆಲಸ ನಿಲ್ಲಿಸಲಿಲ್ಲ.

“ಲೆಕ್ಕ ತಪ್ಪು ಅಂತ ಆವತ್ತೇ ಗೊತ್ತಾಯ್ತು ಮಾರಾಯ,” ಎಂದ. “ಅದ್ನ ಬರೀವಾಗ ನಿಂಗೆ ಎಷ್ಟು ಖುಷಿಯಾಗಿತ್ತು ಅಂತ್ಲೂ ಗೊತ್ತಾಯ್ತು. ಅದಕ್ಕೆ ಎಂತ ತಿದ್ದುಪಡಿ ಹಾಕ್ತೀಯ?”

 ಸ್ಟೂಲನ್ನು ಗೋಡೆಗೆ ಸರಿಸಿಟ್ಟು ಎದ್ದು ಬಂದೆ.

ಆಮೇಲೆ ಅವನು ಹೊಸನಗರದ ತಂಡ ಸೇರಿದ. ಹೋದ ತಿಂಗಳು ಅವರ ಮೇಲೆ ಪಂದ್ಯವಿತ್ತು. ನಾಗರಾಜನನ್ನು ತಡೆಯುವ ಹೊಣೆಯನ್ನು ಮಂಜಪ್ಪ ನನಗೆ ವಹಿಸಿದ. ಅದು ನಂಬಿಕೆಯೋ ಶಿಕ್ಷೆಯೋ, ನಾನು ಕೇಳಲಿಲ್ಲ. ಇವತ್ತು ಇವನು ನನ್ನನ್ನು ಉರುಳಿಸಿಯೇ ಹೋಗುತ್ತಾನೆ ಎಂದುಕೊಂಡು ಎರಡೂ ಕೈ ಚಾಚಿ ನಿಂತೆ. ಒಳಗೊಳಗೆ ನನಗೆ ಅದೇ ಬೇಕಾಗಿತ್ತೇನೋ. ಆದರೆ ಚೆಂಡು ಕೈಗೆ ಬಂದಾಗಲೆಲ್ಲ ಅವನು ಅದನ್ನು ಬುಟ್ಟಿಯ ಕೆಳಗೆ ನಿಂತಿದ್ದ, ತನ್ನ ತಂಡದ ಡೊಳ್ಳುಹೊಟ್ಟೆಯ ಔಷಧಿ ಅಂಗಡಿಯವನಿಗೆ ಎಸೆದ. ಆ ಪುಣ್ಯಾತ್ಮ ಹೊಡೆದೂ ಹೊಡೆದೂ ಅವತ್ತಿನ ಸ್ಟಾರ್ ಆಗಿಬಿಟ್ಟ.

ನನ್ನನ್ನು ದಾಟಿ ಹೋಗುವಷ್ಟು ಶ್ರಮವನ್ನೂ ನಾಗರಾಜ ತೆಗೆದುಕೊಳ್ಳಲಿಲ್ಲ.