ಖಾಲಿ ತೊಟ್ಟಿಯ ಅಮ್ಮಣ್ಣಿ

"ದುಡ್ಡು ಕೊಟ್ಟು ಖಾಲಿ ತೊಟ್ಟಿ ನೋಡ್ಬೇಕಾ? ಶಾರ್ಕು ತೋರಿಸೋವರೆಗೂ ನಾನು ಜಾಗ ಬಿಡಲ್ಲ!" ಎಂದು ಅಜ್ಜಿಯೊಬ್ಬರು ಬೆಳಿಗ್ಗೆಯೇ ಮತ್ಸ್ಯಾಲಯದ ಮ್ಯಾನೇಜರನ್ನು ತರಾಟೆಗೆ ತೆಗೆದುಕೊಂಡರು. ಮ್ಯಾನೇಜರು ಆ ಸಿಟ್ಟನ್ನು ಮೀನು ಸಾಕುವವನ ಮೇಲೆ ತೀರಿಸಿಕೊಂಡರು.

"ನೋಡಪ್ಪಾ, ಸಂಜೆಯೊಳಗೆ ನಿನ್ನ ಶಾರ್ಕು ಜನರ ಕಣ್ಣಿಗೆ ಬೀಳ್ಬೇಕು. ಇಲ್ಲಾಂದ್ರೆ ಬೇರೆ ಊರಿಗೆ ಸಾಗಹಾಕ್ತೀನಿ."

ಅವನೇ ಅಮ್ಮಣ್ಣಿ ಎಂದು ಹೆಸರಿಟ್ಟು, ಗೇಣುದ್ದದ ಮರಿಯಿಂದ ಸಾಕಿದ ಶಾರ್ಕು ಅದು. ಮಾಸಿದ ಜಮಖಾನದಂಥ ಮೈ, ಬಾಯಿಯ ಸುತ್ತ ಪಾಚಿಯಂಥ ಜಾಲರಿ. ಹಗಲೆಲ್ಲ ತಳದ ಕಲ್ಲುಗಳ ನಡುವೆ ಇನ್ನೊಂದು ಕಲ್ಲಾಗಿ ಬಿದ್ದಿರುತ್ತಿದ್ದಳು. ಉಸಿರಾಡಲೂ ಈಜಬೇಕಿಲ್ಲ, ಕಣ್ಣಿನ ಹಿಂದಿನ ತೂತುಗಳಿಂದ ನೀರೆಳೆದುಕೊಂಡರಾಯಿತು. ಊಟಕ್ಕೂ ಅಷ್ಟೇ, ಪಾಚಿಯೆಂದು ನಂಬಿ ಹತ್ತಿರ ಬಂದ ಮೀನು ಗುಳುಂ. ಈ ಸೋಮಾರಿಯೆಂದರೆ ಅವನಿಗೆ ಪ್ರಾಣ.

"ನನ್ನನ್ನ ಒಂದಿನಾನಾದ್ರೂ ಹೀಗೆ ನೋಡಿದೀರಾ?" ಎಂದು ಟಿಕೆಟ್ ಕೊಡುವ ಅವನ ಹೆಂಡತಿ ಆಗಾಗ ಕೇಳುವುದಿತ್ತು. ಇವತ್ತು ಮಾತ್ರ ಅವಳಿಗೂ ಕನಿಕರ ಬಂತು. "ತಿಂಡಿ ತೋರಿಸಿ ನೋಡಿ, ಬರ್ತಾಳೆ" ಎಂದಳು.

ಉದ್ದನೆಯ ಕೋಲಿಗೆ ಮೀನು ಸಿಕ್ಕಿಸಿ ಇಳಿಬಿಟ್ಟ. ಕಲ್ಲುಸಂದಿಗಳಲ್ಲಿ ಅಡಗಿದ್ದ ಪುಟ್ಟ ಮೀನುಗಳು ಬಂದು ಹಬ್ಬ ಮಾಡಿದವು. ಕಸ ಗುಡಿಸುವಾಕೆ "ದೀಪ ಹಾಕಣ್ಣಾ" ಎಂದಳು. ದೀಪ ಹಾಕಿದರೆ ಕಲ್ಲುಗಳು ಇನ್ನೂ ಚೆನ್ನಾಗಿ ಕಂಡವು, ಅಷ್ಟೇ.

ಕೊನೆಗೆ ಅವನೇ ಮುಳುಗುಡುಪು ತೊಟ್ಟು ನೀರಿಗಿಳಿದ. ಗಾಜಿನಾಚೆ ಜನ ಕಿಕ್ಕಿರಿದರು. ಮುಂದೆ ಅಜ್ಜಿ, ಪಕ್ಕದಲ್ಲಿ ಮ್ಯಾನೇಜರು. ಅವನು ಹೆಮ್ಮೆಯಿಂದ ಅಮ್ಮಣ್ಣಿಯ ಬೆನ್ನು ಸವರಿ ತೋರಿಸಿದ. ಅದು ಕಲ್ಲು. ಇನ್ನೊಂದನ್ನು ಸವರಿದ. ಅದೂ ಕಲ್ಲೇ. ಸಾಕಿದವನಿಗೇ ಗುರುತು ಸಿಗಲಿಲ್ಲ! ಅಜ್ಜಿ ಹಣೆ ಚಚ್ಚಿಕೊಂಡರು, ಮ್ಯಾನೇಜರು ಗಡಿಯಾರ ನೋಡಿದರು. ಇನ್ನು ಅವಳು ತನ್ನವಳಲ್ಲ ಎಂದು ಸಂಕಟಪಡುತ್ತ, ಸೋತುಹೋಗಿ, ಪಾಚಿಗಟ್ಟಿದ ಕಲ್ಲೊಂದರ ಮೇಲೆ ಕುಳಿತುಬಿಟ್ಟ.

ಕಲ್ಲು ತಿರುಗಿ ಕಚ್ಚಿತು.

ಹಿಡಿದರೆ ಬಿಡುವ ಜಾತಿಯಲ್ಲ ಅದು. ಅವನು ತೊಟ್ಟಿಯ ತುಂಬ ಕುಣಿದ. ಹಿಂದೆ ಬಾಲದಂತೆ ಅಮ್ಮಣ್ಣಿ ಉದ್ದಕ್ಕೂ ಬಿಚ್ಚಿಕೊಂಡು ತೂಗಾಡಿದಳು. "ಕಾಣಿಸ್ತು! ಕಾಣಿಸ್ತು!" ಎಂದು ಅಜ್ಜಿ ಚಪ್ಪಾಳೆ ತಟ್ಟಿದರು.

ದಪ್ಪ ಉಡುಪಿನಿಂದಾಗಿ ಗಾಯ ಆಳವಾಗಿರಲಿಲ್ಲ. ಬೋರಲು ಮಲಗಿದ್ದವನಿಗೆ ಹೆಂಡತಿ ಔಷಧಿ ಹಚ್ಚುತ್ತಿದ್ದಾಗ ಮ್ಯಾನೇಜರು ಬಂದರು.

"ನಿನ್ನ ಅಮ್ಮಣ್ಣಿ ಎಲ್ಲಿಗೂ ಹೋಗಲ್ಲ, ಇಲ್ಲೇ ಇರ್ತಾಳೆ ಬಿಡು."

ಅವನ ಕಣ್ಣು ತುಂಬಿ ಬಂತು. "ನೀವು ದೇವರು ಸಾರ್!"

"ನಾಳೆಯಿಂದ ದಿನಾ ಸಂಜೆ ಪ್ರದರ್ಶನ. ನೀನೇನೂ ಮಾಡೋದು ಬೇಡ. ಇವತ್ತು ಕೂತ ಹಾಗೇ ಕೂತ್ಕೊಂಡ್ರೆ ಸಾಕು."

ಅವನು ದಿಕ್ಕು ತೋಚದೆ ಹೆಂಡತಿಯ ಮುಖ ನೋಡಿದ. ಅವಳು ನಿಟ್ಟುಸಿರುಬಿಟ್ಟು, ಮೆಲ್ಲಗೆ ಪಟ್ಟಿ ಅಂಟಿಸಿ, ಗಾಯವಾಗದ ಪಕ್ಕವನ್ನು ತಟ್ಟಿದಳು.

"ಆಯ್ತು ಬಿಡಿ. ನಾಳೆ ಈ ಕಡೆ ಕೊಡಿ."