ಸಿಂಗಾಪುರದ ಪೈಲ್ವಾನ

"ಸ್ನಾನದ ಹಂಡೆಯಲ್ಲಿ ಹುಳ ಸಾಕ್ತೀರಲ್ಲ, ನಿಮ್ಗೆ ಮಂಡೆ ಸಮ ಉಂಟಾ?"

ಅಮ್ಮಣಿ ಚೊಂಬನ್ನು ಗಂಡನ ಮೂಗಿನ ಕೆಳಗೆ ಹಿಡಿದಳು. ನೀರಿನಲ್ಲಿ ಸೊಳ್ಳೆಮರಿಗಳು ಕುಣಿಯುತ್ತಿದ್ದವು.

"ಚೆಲ್ಬೇಡ! ಅದು ಮೀನಿನ ಊಟ," ಎಂದ ಮೋಹನದಾಸ.

"ಮೀನಿಗೆ ಊಟವಾ? ಈ ಮನೆಯಲ್ಲಿ ಮೀನನ್ನು ನಾವು ತಿನ್ನುವುದು, ಅದಕ್ಕೆ ಬಡಿಸುವುದಲ್ಲ. ಇವತ್ತು ಆ ಗಾಜಿನ ಭರಣಿ ರೇಡಿಯೋದ ಮೇಲಿಂದ ಇಳಿಯದಿದ್ರೆ ಮೀನು ಸಾರಿಗೆ ಬೀಳ್ತದೆ!"

"ನನ್ನ ಮನೆಯಲ್ಲಿ ನಾನು ಒಂದು ಮೀನು ಇಡುವ ಹಾಗಿಲ್ವಾ?"

"ಯಾರ ಮನೆ?"

ಅತ್ತಾವರದ ಆ ಮನೆ ಅಮ್ಮಣಿಯ ತಾಯಿಯದ್ದು, ಅದಕ್ಕೆ ಮೊದಲು ಅಜ್ಜಿಯದ್ದು. ಅಳಿಯಸಂತಾನದ ಕಟ್ಟು. ಮನೆ ಹೆಂಗಸಿನದ್ದು, ಮಕ್ಕಳು ಹೆಂಗಸಿನ ಕುಟುಂಬದವು, ತೀರ್ಮಾನ ಹೆಂಗಸಿನ ಸೋದರಮಾವನದ್ದು. ಗಂಡ ಎಂಬವನು ಉಂಡು ಮಲಗುವ ನೆಂಟ. ಹಂಚಿನ ಕಾರ್ಖಾನೆಯ ಗುಮಾಸ್ತ ಮೋಹನದಾಸನದ್ದು ಎಂದು ಅಲ್ಲಿ ಇದ್ದದ್ದು ಒಂದು ಕೊಡೆ ಮತ್ತು ಈ ಮೀನು.

ಅದು ಸಿಂಗಾಪುರದ ಫೈಟರ್ ಮೀನು. ಬಂದರಿನಲ್ಲಿ ಒಣಮೀನಿನ ಅಂಗಡಿ ಇಟ್ಟಿದ್ದ ಅಬೂಬಕ್ಕರ್, ಹಡಗಿನ ಅಡಿಗೆಯವನಿಂದ ಎರಡು ತರಿಸಿ, ಸೆರಗಿನಂಥ ರೆಕ್ಕೆಯದ್ದನ್ನು ತಾನಿಟ್ಟುಕೊಂಡು ಮೋಟು ರೆಕ್ಕೆಯ ಮಣ್ಣುಬಣ್ಣದ್ದನ್ನು ಗೆಳೆಯನಿಗೆ ಕೊಟ್ಟಿದ್ದ. "ಕುಸ್ತಿಗೆ ಇಳಿಯುವವ ಲಂಗೋಟಿ ಕಟ್ತಾನೆ, ಜರಿಪಂಚೆ ಉಡುವುದಿಲ್ಲ," ಎಂದು ಮೋಹನದಾಸ ಊರೆಲ್ಲ ಸಾರಿದ್ದ. ಕ್ಷೌರದ ಕನ್ನಡಿ ತೋರಿಸಿದರೆ ಸಾಕು, ಅದು ಕೆನ್ನೆ ಉಬ್ಬಿಸಿ ಏರಿ ಬರುತ್ತಿತ್ತು. ಥೇಟ್ ಅಮ್ಮಣಿ.

ತೊಟ್ಟಿಲಲ್ಲಿ ಮಗು ರಾಗ ತೆಗೆಯಿತು.

"ಅಮ್ಮಣೀ, ಇದು ಅಳ್ತಾ ಉಂಟು!" ಎಂದು ಮೋಹನದಾಸ ಕೂತಲ್ಲಿಂದಲೇ ಕೂಗಿದ. ಮೂರು ಮಕ್ಕಳ ಮಟ್ಟಿಗೆ ಅವನು ಮಾಡುತ್ತಿದ್ದ ಕೆಲಸ ಅಷ್ಟೇ.

ಗಲಾಟೆ ಕೇಳಿ ಅಮ್ಮಣಿಯ ಸೋದರಮಾವ ಲೋಕಯ್ಯ ಚಾವಡಿಯಿಂದ ಎದ್ದು ಬಂದ. ಕೋಳಿ ಕಾದಿಸುವ ಅಂಕದಲ್ಲೇ ತಲೆ ನರೆಸಿಕೊಂಡ ಮುದುಕ. ಯಾವ ವ್ಯಾಜ್ಯವನ್ನೂ ಅಂಕದ ಕಾನೂನಿನಲ್ಲೇ ತೀರಿಸುವವನು.

"ಕಾದುವ ಮೀನಾದ್ರೆ ಕಾದ್ಲಿ. ಬಂದರಿನ ಸಾಹುಕಾರ್ರ ಮೀನನ್ನು ತರಿಸು. ನಿನ್ನದು ಗೆದ್ರೆ ರೇಡಿಯೋದ ಮೇಲೆ ಅದಕ್ಕೆ ಜಾಗ ಖಾಯಂ. ಓಡಿದ್ರೆ ಗೆದ್ದವರ ಪಾಲು."

ಅಬೂಬಕ್ಕರ್ ಬಿಸ್ಕುಟಿನ ದೊಡ್ಡ ಭರಣಿಯನ್ನು ಎದೆಗವಚಿಕೊಂಡು, ಮದುಮಗನನ್ನು ಕರೆತಂದ ಹಾಗೆ ಮೆಲ್ಲಗೆ ಬಂದು, ಕಿಟಕಿಯ ಬಳಿಯ ರೇಡಿಯೋದ ಮೇಲೆ ಇಟ್ಟ. ನೀರಿನ ಮೇಲೆ ನೊರೆ ಒಟ್ಟಿತ್ತು.

"ನಿನ್ನೆಯಿಂದ ಉಗುಳ್ತಾ ಉಂಟು ಮಾರಾಯ್ರೆ. ಅಷ್ಟು ಸಿಟ್ಟು!"

ಪಕ್ಕದ ಮನೆಯ ಅಪೊಲೋನಿಯಾ ಬಾಯಿ ಪಾಗಾರದ ಗೋಡೆಯ ಮೇಲಿಂದ ಅರ್ಧ ದೇಹ ಕಿಟಕಿಯತ್ತ ಚಾಚಿದಳು. "ಸೋತದ್ದಕ್ಕೆ ಮಸಾಲೆ ಬೇಕಾದ್ರೆ ಹೇಳಿ, ಅರೆದದ್ದು ಉಂಟು."

ಮೋಹನದಾಸ ತನ್ನ ಪೈಲ್ವಾನನನ್ನು ಆ ಭರಣಿಗೆ ಸುರಿದ. ಸೆರಗಿನ ಮೀನು ರೆಕ್ಕೆ ಬಿಚ್ಚಿ ಸುತ್ತು ಹಾಕಿತು. ಮೋಟು ಮೀನಿನ ಮೈಮೇಲೆ ಅಡ್ಡಪಟ್ಟೆಗಳು ಎದ್ದವು.

"ನೋಡಿ ನೋಡಿ, ಹುಲಿವೇಷ ಕಟ್ಟಿತು!" ಮೋಹನದಾಸ ಕುಣಿದ.

ಸ್ವಲ್ಪ ಹೊತ್ತಿಗೆ ದೊಡ್ಡದು ಬಾಗಿ ಸಣ್ಣದನ್ನು ಸುತ್ತಿ ಹಿಡಿಯಿತು. ಲೋಕಯ್ಯ ಎದ್ದೇ ನಿಂತ. "ಹಿಡಿತ! ಬಿಡ್ಬೇಡ! ಕೊರಳು ಹಿಡಿ!" ಸಣ್ಣದು ಸತ್ತಂತೆ ತೇಲಿತು. ಮೋಹನದಾಸ ಭರಣಿಗೆ ಕೈ ಹಾಕಲು ಹೋದ. ಅಷ್ಟರಲ್ಲಿ ಅದು ಎಚ್ಚತ್ತು ತಾನಾಗಿಯೇ ಮತ್ತೆ ಹಿಡಿತಕ್ಕೆ ಹೋಯಿತು.

"ಕಂಡ್ರಾ ಛಲ!"

"ಛಲ ಎಂತದು? ಅದರ ಹಲ್ಲು ಉದುರ್ತಾ ಉಂಟು!" ಎಂದ ಅಬೂಬಕ್ಕರ್. ಬಿಳಿ ಕಾಳುಗಳು ನಿಜಕ್ಕೂ ಉದುರುತ್ತಿದ್ದವು. ದೊಡ್ಡದು ಅವನ್ನು ಹೆಕ್ಕಿ ಹೆಕ್ಕಿ ನೊರೆಗೆ ಅಂಟಿಸುತ್ತಿತ್ತು.

"ಹಲ್ಲಾ? ಜೆಜು, ದೇವ್ರೇ!" ಅಪೊಲೋನಿಯಾ ಬಾಯಿ ಕಿರುಚಿದಳು. "ಅದು ಮೊಟ್ಟೆ ಮಾರಾಯ್ರೆ! ಇಷ್ಟು ಹೊತ್ತು ಬೊಬ್ಬೆ ಹೊಡ್ದು ನೋಡಿದ್ದು ಎಂತದನ್ನು ಅಂತ ಗೊತ್ತಾಯ್ತಾ? ನಾಚಿಕೆ ಇಲ್ಲದವರು!"

ಲೋಕಯ್ಯ ಹೆಗಲ ಶಾಲು ಮುಖಕ್ಕೆ ಎಳೆದುಕೊಂಡ. ಅಮ್ಮಣಿ ಬಿದ್ದು ಬಿದ್ದು ನಕ್ಕಳು. "ನಿಮ್ಮ ಪೈಲ್ವಾನ ಹೆಣ್ಣು! ಹೆಣ್ಣಾದ್ರೆ ಈ ಮನೆಯದ್ದು. ಮರಿಗಳೂ ಈ ಮನೆಯವು. ನಿಮ್ಗೆ ಕೊಡೆ ಉಂಟಲ್ಲ, ಸಾಕು."

ಮೋಹನದಾಸ ಅಳುವುದೊಂದು ಬಾಕಿ. ಆಗಲೇ ಭರಣಿಯಲ್ಲಿ ಗಂಡು ತಿರುಗಿಬಿತ್ತು. ಹೆಣ್ಣನ್ನು ಕಚ್ಚಿ ಕಚ್ಚಿ ಅಟ್ಟಿತು. ಹೆಣ್ಣು ಮೂಲೆ ಸೇರಿತು.

"ಅದನ್ನು ತೆಗೀರಿ, ಕೊಲ್ತದೆ!" ಅಬೂಬಕ್ಕರ್ ಹಣೆ ಚಚ್ಚಿಕೊಂಡ. "ಹಡಗಿನವ ಹೇಳಿದ್ದ. ಈ ಜಾತಿಯಲ್ಲಿ ನೊರೆಯ ಮನೆ ಕಟ್ಟುವುದು ಗಂಡು, ಮರಿ ನೋಡುವುದೂ ಗಂಡಂತೆ. ಹೆಣ್ಣನ್ನು ಓಡಿಸ್ತದಂತೆ. ಬುರುಡೆ ಬಿಡ್ತಾನೆ ಅಂತ ನಾನು ನಂಬ್ಲಿಲ್ಲ."

ಮೋಹನದಾಸ ಸೊಂಟಕ್ಕೆ ಕೈಯಿಟ್ಟು ನಿಂತ. ಇಷ್ಟು ವರ್ಷದ ಸಿಟ್ಟು ಒಮ್ಮೆಗೇ ಏರಿತು. "ಕೇಳಿದ್ಯಾ? ಮನೆ ಗಂಡಿನದ್ದು! ಮಕ್ಕಳು ಗಂಡಿನವು! ಹೆಣ್ಣು ಹೊರಗೆ! ಮಾವ, ಓಡಿದ್ದು ಯಾರು? ನಿಮ್ಮ ಕಾನೂನು ಹೇಳಿ!"

ಲೋಕಯ್ಯ ಶಾಲಿನೊಳಗಿಂದಲೇ ಗೊಣಗಿದ. "ಓಡಿದ್ದು ಸೋತದ್ದು. ಕಾನೂನು ಕಾನೂನೇ."

ಅಮ್ಮಣಿ ಹೆಣ್ಣುಮೀನನ್ನು ಚೊಂಬಿಗೆ ತುಂಬಿಕೊಂಡಳು. ಅವಳ ಸ್ವರ ಬೆಣ್ಣೆಯಷ್ಟು ಮೆತ್ತಗಿತ್ತು. ಅಲ್ಲೇ ಅವನು ಹೆದರಬೇಕಿತ್ತು.

"ಆಯ್ತು. ಮನೆ ನಿಮ್ದೇ. ಮಕ್ಕಳೂ ನಿಮ್ಮವೇ. ಅನ್ನ ಒಲೆಯ ಮೇಲುಂಟು, ಬಸಿಯಿರಿ. ದೊಡ್ಡವನಿಗೆ ಎಣ್ಣೆಸ್ನಾನ ಆಗ್ಲಿಲ್ಲ. ನಡುವಿನವಳಿಗೆ ಬೆಳಿಗ್ಗೆಯಿಂದ ಭೇದಿ. ಸಣ್ಣದರ ಹಾಲು ಕಾಸಿ ಇಟ್ಟದ್ದುಂಟು."

"ನೀನು ಎಲ್ಲಿಗೆ?"

"ಸೋತ ಹೆಣ್ಣು ಹೊರಗಲ್ವಾ? ಬಲ್ಮಠಕ್ಕೆ, ಅಕ್ಕನ ಮನೆಗೆ."

ಬಿಸಿಲಿತ್ತು. ಮೀನಿನ ಚೊಂಬಿನ ಜೊತೆಗೆ, ಗೋಡೆಗೆ ಒರಗಿಸಿದ್ದ ಅವನ ಕೊಡೆಯನ್ನೂ ಬಿಡಿಸಿ ಹಿಡಿದುಕೊಂಡು ಅವಳು ಗೇಟು ದಾಟಿದಳು. ಭರಣಿ ಅಲುಗಿದರೆ ನೊರೆ ಒಡೆಯುತ್ತದೆ ಎಂದು ಅಬೂಬಕ್ಕರ್ ಗಂಡುಮೀನನ್ನು ರೇಡಿಯೋದ ಮೇಲೆಯೇ ಬಿಟ್ಟು ಜಾರಿಕೊಂಡ. ಲೋಕಯ್ಯನಿಗೆ ಎಲ್ಲೋ ಅಂಕ ಇದ್ದದ್ದು ನೆನಪಾಯಿತು.

ಒಲೆಯ ಮೇಲೆ ಅನ್ನ ಸೀದ ವಾಸನೆ. ಹಿತ್ತಲಲ್ಲಿ ನಡುವಿನವಳು "ಅಪ್ಪಾ, ಆಯ್ತೂ!" ಎಂದು ಕೂಗಿದಳು. ತೊಟ್ಟಿಲು ಅಲುಗಿತು. ಭರಣಿಯ ಗಂಡು ಬಿದ್ದ ಮೊಟ್ಟೆಯನ್ನು ಹೆಕ್ಕಿ, ಮೇಲೆ ಅಂಟಿಸಿ, ಮತ್ತೆ ಇನ್ನೊಂದಕ್ಕೆ ಓಡುತ್ತಿತ್ತು.

ಮೋಹನದಾಸ ಗೇಟಿನವರೆಗೆ ಓಡಿಹೋಗಿ ರಸ್ತೆಯತ್ತ ಕೂಗಿದ.

"ಅಮ್ಮಣೀ, ಇದು ಅಳ್ತಾ ಉಂಟು!"

ದೂರದ ತಿರುವಿನಲ್ಲಿ ಅವನ ಕೊಡೆ ಒಮ್ಮೆ ಕಾಣಿಸಿತು. ಮತ್ತೆ ಕಾಣಿಸಲಿಲ್ಲ.